ಸ್ವಂತ ಸರ್ವರಿನಲ್ಲಿ ಕಾರ್ಡಿನ ವ್ಯವಹಾರ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಸೇರಿದ ಅಮೃತೂರು ತೆಂಗು, ಅಡಕೆ, ರಾಗಿಗಳ ಸೀಮೆಯ ಒಂದು ಹೋಬಳಿ ಕೇಂದ್ರ. ಇಂತಹ ಊರಿನಲ್ಲಿ ಗಾಣದ ಎಣ್ಣೆಯನ್ನಾಗಲಿ ಕೊಬ್ಬರಿಯನ್ನಾಗಲಿ ಮಾರತಕ್ಕವನು ಹಿಂದೆ ತನ್ನ ಗಿರಾಕಿಯನ್ನು ಕಣ್ಣಾರೆ ಕಂಡು, ಹಣವನ್ನು ಕೈಯಾರೆ ಎಣಿಸಿಕೊಂಡು, ಬಾಕಿ ನಿಂತರೆ ಖಾತೆ ಪುಸ್ತಕದಲ್ಲಿ ಬರೆದಿಟ್ಟುಕೊಂಡು ವ್ಯಾಪಾರ ನಡೆಸುತ್ತಿದ್ದನು. ಇಂದಾದರೋ ಅದೇ ಸೀಮೆಯಿಂದ ಹೊರಟು ಬೆಂಗಳೂರಿನಲ್ಲಿಯೋ ಸಮುದ್ರದಾಚೆಯಲ್ಲಿಯೋ ನೆಲೆಸಿರುವ ಸಂಸಾರಗಳು ಅಂತರ್ಜಾಲದ ಮೂಲಕವೇ ಅವನ ಸರಕನ್ನು ತರಿಸಿಕೊಳ್ಳಬಲ್ಲವು, ಊರಿನ ಕಲ್ಯಾಣಮಂಟಪಕ್ಕೆ ಮುಂಗಡ ಕಟ್ಟಬಲ್ಲವು, ದೇವಾಲಯದ ಸೇವೆಗೆ ಕಾಣಿಕೆ ಸಲ್ಲಿಸಬಲ್ಲವು. ಹೀಗೆ ಹಣ ಕಳುಹಿಸುವವರಲ್ಲಿ ಹಲವರು ಕ್ರೆಡಿಟ್ ಕಾರ್ಡನ್ನು ಬಳಸುವವರೇ ಆಗಿರುವುದರಿಂದ, ಕಂಪ್ಯೂಟರ್ ವಿದ್ಯೆಯನ್ನು ಕಲಿತು ಊರಿಗೆ ಮರಳಿದ ಉತ್ಸಾಹಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜವಾಗಿದೆ: ಕಾರ್ಡಿನ ಹಣವನ್ನು ಸ್ವೀಕರಿಸುವ ತಂತ್ರಾಂಶವನ್ನು ನಮ್ಮದೇ ಆದ ಸರ್ವರಿನಲ್ಲಿ ನಾವೇ ಏಕೆ ನಡೆಸಬಾರದು? ಮಧ್ಯದಲ್ಲಿ ನಿಂತವರಿಗೆ ಪ್ರತಿಯೊಂದು ವ್ಯವಹಾರದಲ್ಲಿಯೂ ಪಾಲು ಕೊಡುವುದು ಏತಕ್ಕೆ?

ಪ್ರಶ್ನೆ ನ್ಯಾಯವಾದದ್ದೇ. ಸ್ವಾವಲಂಬನೆಯ ಆಸೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಅಡಗಿಕೊಂಡಿವೆ. ಕಾರ್ಡಿನ ಸಂಖ್ಯೆಯನ್ನು ಯಾರು ಕಾಯಬೇಕು ಎಂಬುದೊಂದು, ಹಣದ ಲೆಕ್ಕವನ್ನು ಯಾರು ಇಡಬೇಕು ಎಂಬುದು ಇನ್ನೊಂದು. ಲೆಕ್ಕವು ಊರಿನವರ ಸರ್ವರಿನಲ್ಲಿಯೇ ಇರತಕ್ಕದ್ದು, ಕಾರ್ಡಿನ ಸಂಖ್ಯೆಯಾದರೋ ಆ ಸರ್ವರನ್ನು ಸೋಕಲೂ ಕೂಡದು ಎಂಬುದು ಈ ವಿಷಯವನ್ನು ಬಹುಕಾಲ ಗಮನಿಸಿದ ಮೇಲೆ ನನಗೆ ದೃಢವಾಗಿರುವ ಅಭಿಪ್ರಾಯ.

ಅಪರಿಚಿತನ ಸಾಲಕ್ಕೆ ಮೂರನೆಯವನೊಬ್ಬನು ಹೊಣೆ ನಿಲ್ಲುವುದೇ ಕ್ರೆಡಿಟ್ ಕಾರ್ಡಿನ ಮೂಲತತ್ತ್ವ. 1950ರಲ್ಲಿ ಅಮೆರಿಕದಲ್ಲಿ ಡೈನರ್ಸ್ ಕ್ಲಬ್ ಆರಂಭವಾದಾಗ ಅದು ಭೋಜನಶಾಲೆಗಳ ಬಾಕಿಯನ್ನು ತೀರಿಸುವ ಒಂದು ಏರ್ಪಾಡಾಗಿತ್ತು. 1958ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದಲ್ಲಿ ಬ್ಯಾಂಕ್ ಆಫ್ ಅಮೆರಿಕ ಹಂಚಿದ ಕಾರ್ಡು ಮುಂದೆ 1976ರಲ್ಲಿ ವೀಸಾ ಎಂಬ ಹೆಸರನ್ನು ತಳೆಯಿತು. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಮೊದಲ ಹೆಜ್ಜೆಯಿಟ್ಟಿತು. ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕು ತನ್ನ ಕ್ಯಾನ್‌ಕಾರ್ಡನ್ನು ತಂದಿತು. ಅದೇ ಕರಾವಳಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಗೆ ಹೋಗಿ ಚಿಲ್ಲರೆ ಕಾಸನ್ನು ಸಂಗ್ರಹಿಸುವ ಏಜೆಂಟರ ಪದ್ಧತಿಯನ್ನು ನೆಲೆಗೊಳಿಸಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಏಕೆಂದರೆ ಸಣ್ಣ ಮೊತ್ತಗಳನ್ನು ತಪ್ಪಿಲ್ಲದೆ ಬರೆದಿಡುವ ಶಿಸ್ತು ಈ ನಾಡಿಗೆ ಹೊಸದಲ್ಲ. ಕಾರ್ಡಿನ ಮೊದಲ ದಿನಗಳಲ್ಲಿ ಅದರ ಉಬ್ಬಕ್ಷರಗಳನ್ನು ಮಸಿಕಾಗದದ ಮೇಲೆ ಒತ್ತಿ ಚೀಟಿ ಮಾಡಿಕೊಳ್ಳುತ್ತಿದ್ದರು, ಕಳವಾದ ಕಾರ್ಡುಗಳ ಸಂಖ್ಯೆಗಳನ್ನು ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚುತ್ತಿದ್ದರು. ಆ ಪಟ್ಟಿಯನ್ನು ನೋಡುವ ಕೆಲಸವೇ ಈಗ ಕ್ಷಣಮಾತ್ರದಲ್ಲಿ ಸರ್ವರುಗಳ ನಡುವೆ ನಡೆಯುತ್ತದೆ.

ನಡೆಯುವ ಬಗೆ ಹೀಗೆ. ಗಿರಾಕಿಯು ತನ್ನ ಕಾರ್ಡಿನ ಸಂಖ್ಯೆಯನ್ನು ಬರೆದೊಡನೆ ತಂತ್ರಾಂಶವು ಮೊದಲು ಆ ಅಂಕಿಗಳ ಮೇಲೆ ಒಂದು ಪುಟ್ಟ ಗಣಿತವನ್ನು ಮಾಡುತ್ತದೆ; ಬಲದಿಂದ ಎಡಕ್ಕೆ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಗೊಳಿಸಿ, ಎರಡಂಕಿ ಬಂದಲ್ಲಿ ಅವನ್ನು ಕೂಡಿಸಿ, ಒಟ್ಟು ಮೊತ್ತವು ಹತ್ತರಿಂದ ಭಾಗವಾಗುವುದೇ ಎಂದು ನೋಡುವ ಈ ಉಪಾಯವನ್ನು ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ 1950ರ ದಶಕದಲ್ಲಿ ಕಂಡುಹಿಡಿದನು. ಒಂದು ಅಂಕಿ ತಪ್ಪಿದರೂ ಅದು ಹಿಡಿದುಕೊಡುವುದು. ಕಳ್ಳನನ್ನು ಮಾತ್ರ ಹಿಡಿಯಲಾರದು. ಅನಂತರ ಕೋರಿಕೆಯು ವರ್ತಕನ ಬ್ಯಾಂಕಿಗೆ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ನಮ್ಮದೇ ಆದ ರುಪೇ ಜಾಲಕ್ಕೆ, ಜಾಲದಿಂದ ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗಿ, ಅದೇ ದಾರಿಯಲ್ಲಿ ಉತ್ತರವು ಹಿಂದಿರುಗುತ್ತದೆ. ಇವರೆಲ್ಲರೂ ಪರಸ್ಪರ ಮಾತನಾಡುವ ಸಂದೇಶಗಳ ರೂಪವನ್ನು ಐಎಸ್ಒ 8583 ಎಂಬ ಅಂತರರಾಷ್ಟ್ರೀಯ ಮಾನಕವು 1987ರಿಂದ ಗೊತ್ತುಪಡಿಸಿದೆ: 0100 ಎಂದರೆ ಅನುಮತಿಯ ಕೋರಿಕೆ, 0110 ಅದರ ಉತ್ತರ, 0400 ಎಂದರೆ ನಡೆದ ವ್ಯವಹಾರವನ್ನು ಹಿಂದಕ್ಕೆ ತೆಗೆದುಕೊಳ್ಳುವ ಆಜ್ಞೆ. ಸಂದೇಶದ ಎರಡನೆಯ ಕ್ಷೇತ್ರದಲ್ಲಿ ಕಾರ್ಡಿನ ಸಂಖ್ಯೆ, ನಾಲ್ಕನೆಯದರಲ್ಲಿ ಮೊತ್ತ, ಮೂವತ್ತೊಂಬತ್ತನೆಯದರಲ್ಲಿ ಬ್ಯಾಂಕಿನ ತೀರ್ಪು.

ಈ ಸರಪಳಿಯಲ್ಲಿ ವರ್ತಕನ ಸರ್ವರು ಎಲ್ಲಿ ನಿಲ್ಲಬೇಕೆಂಬುದಕ್ಕೆ ಲೋಕದಲ್ಲಿ ಹಲವು ಏರ್ಪಾಡುಗಳುಂಟು. ವರ್ತಕನ ಪರವಾಗಿ ಕೋರಿಕೆಯನ್ನು ಬ್ಯಾಂಕಿಗೆ ಸಾಗಿಸುವ ಗೇಟ್‌ವೇ ಎಂಬ ಮಧ್ಯವರ್ತಿ ಸಂಸ್ಥೆಯ ಪುಟಕ್ಕೇ ಗಿರಾಕಿಯನ್ನು ಕಳುಹಿಸಿ, ಹಣ ಸಂದಾಯವಾದ ಮೇಲೆ ಮರಳಿ ಕರೆಸಿಕೊಳ್ಳುವುದು ಅತ್ಯಂತ ಸರಳವಾದ ಮಾರ್ಗ. ಪುಟವು ನಮ್ಮದೇ ಎಂದು ಕಂಡರೂ ಸಂಖ್ಯೆಯನ್ನು ಬರೆಯುವ ಚೌಕಟ್ಟು ಮಾತ್ರ ಗೇಟ್‌ವೇ ಸಂಸ್ಥೆಯ ಸರ್ವರಿನಿಂದಲೇ ಬಂದು ಕೂರುವುದು ಅದಕ್ಕೆ ಸಮೀಪದ ಇನ್ನೊಂದು. ಮೂರನೆಯದರಲ್ಲಿ ಸಂಖ್ಯೆಯು ವರ್ತಕನ ಸರ್ವರಿಗೆ ಬಂದು ಅಲ್ಲಿಂದ ಮುಂದಕ್ಕೆ ರವಾನೆಯಾಗುತ್ತದೆ. ಅಪಾಯವು ಆರಂಭವಾಗುವುದು ಇಲ್ಲಿಯೇ. ಕೊನೆಯದು, ಬ್ಯಾಂಕುಗಳ ಹಾಗೆ, ಸಂದೇಶಗಳನ್ನು ಸರಿಯಾದ ದಾರಿಗೆ ಹಾಯಿಸುವ ಸ್ವಿಚ್ಚೆಂಬ ವ್ಯವಸ್ಥೆಯನ್ನೇ ಸ್ಥಾಪಿಸಿಕೊಂಡು, ಗೂಢಲಿಪಿಯ ಕೀಲಿಗಳನ್ನು ಕಾಯುವುದಕ್ಕೆಂದೇ ಮಾಡಿದ ಯಂತ್ರಗಳನ್ನಿಟ್ಟುಕೊಂಡು ಜಾಲದೊಡನೆ ನೇರವಾಗಿ ಸಂದೇಶ ವಿನಿಮಯ ಮಾಡುವುದು. ಹೋಬಳಿಯ ವರ್ತಕನಿಗೆ ಇದು ಸಲ್ಲದೆಂದು ಹೇಳುವುದಕ್ಕೆ ಹೆಚ್ಚು ವಾದ ಬೇಕಿಲ್ಲ.

ಕಾರ್ಡಿನ ಸಂಖ್ಯೆಯನ್ನು ಮುಟ್ಟುವವರೆಲ್ಲರೂ ಅನುಸರಿಸಬೇಕಾದ ನಿಯಮಾವಳಿಯ ಹೆಸರು ಪಿಸಿಐ ಡಿಎಸ್‌ಎಸ್. 2004ರ ಡಿಸೆಂಬರಿನಲ್ಲಿ ಹೊರಟ ಈ ಮಾನಕವನ್ನು 2006ರಿಂದ ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ, ಮಾಸ್ಟರ್‌ಕಾರ್ಡ್, ವೀಸಾ ಎಂಬ ಐದು ಜಾಲಗಳು ಕೂಡಿ ರಚಿಸಿದ ಮಂಡಲಿಯೊಂದು ಪೋಷಿಸಿಕೊಂಡು ಬಂದಿದೆ. ಈಗ ಜಾರಿಯಲ್ಲಿರುವುದು 2022ರಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿಯ ಪರಿಷ್ಕೃತ ರೂಪ. ಅದರ ಹನ್ನೆರಡು ಅಧ್ಯಾಯಗಳ ಸಾರವನ್ನು ಓದಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಅದು ಒಂದು ಬಾರಿ ಪಾಸು ಮಾಡಿ ಮುಗಿಸುವ ಪರೀಕ್ಷೆಯಲ್ಲ, ಪ್ರತಿದಿನದ ವ್ರತ. ಕಾರ್ಡಿನ ಹಿಂಬದಿಯ ಮೂರಂಕಿಯನ್ನು ಅನುಮತಿ ದೊರೆತ ಮೇಲೆ ವರ್ತಕನು ಯಾವ ರೂಪದಲ್ಲಿಯೂ ಉಳಿಸಿಕೊಳ್ಳಕೂಡದು. ಸರ್ವರಿನ ದಿನಚರಿಯನ್ನು ಒಂದು ವರ್ಷ ಕಾಪಾಡಬೇಕು, ಅದರಲ್ಲಿ ಮೂರು ತಿಂಗಳಿನದು ಕೇಳಿದೊಡನೆ ಕೈಗೆ ಸಿಗಬೇಕು. ಅಧಿಕೃತ ಪರೀಕ್ಷಕರಿಂದ ಮೂರು ತಿಂಗಳಿಗೊಮ್ಮೆ ಹೊರಗಿನಿಂದ ಶೋಧ ಮಾಡಿಸಬೇಕು. ಸಂಖ್ಯೆಯು ತನ್ನ ಸರ್ವರಿಗೆ ಬಾರದಂತೆ ಏರ್ಪಾಡು ಮಾಡಿಕೊಂಡ ವರ್ತಕನಿಗೆ ಈ ಹೊರೆಯ ಬಹುಭಾಗವು ಇಳಿದುಹೋಗುತ್ತದೆ.

ಹೊರೆಯನ್ನು ಹೊತ್ತವರಿಗೂ ಏನಾಯಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನನ್ನ ಅಭಿಪ್ರಾಯದ ಬುನಾದಿ ಇರುವುದು ಅಲ್ಲಿ. ಅಮೆರಿಕದ ಹಾರ್ಟ್‌ಲ್ಯಾಂಡ್ ಎಂಬ ಸಂಸ್ಥೆ ಕಾರ್ಡಿನ ವ್ಯವಹಾರವನ್ನೇ ಕಸುಬಾಗಿ ಮಾಡಿಕೊಂಡಿದ್ದು, ತಪಾಸಣೆಗಳಲ್ಲಿ ತೇರ್ಗಡೆಯಾಗಿದ್ದಿತು. ಆದರೂ 2008ರಲ್ಲಿ ಅದರ ಜಾಲದೊಳಗೆ ನುಸುಳಿದವರು ಹರಿಯುತ್ತಿರುವ ಸಂದೇಶಗಳಿಗೇ ಕಿವಿಗೊಟ್ಟು ಸುಮಾರು 13 ಕೋಟಿ ಕಾರ್ಡುಗಳ ಸಂಖ್ಯೆಗಳನ್ನು ಕದ್ದರು. ಉಳಿಸಿಟ್ಟದ್ದು ಮಾತ್ರವಲ್ಲ, ಹಾದುಹೋಗುವುದೂ ಕಳವಾಗಬಲ್ಲುದೆಂಬುದು ಅಂದು ಲೋಕಕ್ಕೆ ತಿಳಿಯಿತು. 2013ರ ಫೆಬ್ರವರಿಯಲ್ಲಿ ಮಸ್ಕತ್ತಿನ ಬ್ಯಾಂಕೊಂದರ ಪ್ರೀಪೇಯ್ಡ್ ಕಾರ್ಡುಗಳ ಮಿತಿಯನ್ನು, ಅವುಗಳ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದ, ಬೆಂಗಳೂರಿನಲ್ಲಿಯೂ ಕಾರ್ಯಾಲಯವಿದ್ದ ಸಂಸ್ಥೆಯ ವ್ಯವಸ್ಥೆಯೊಳಗೆ ಹೊಕ್ಕು ತೆಗೆದುಹಾಕಿದ ತಂಡವೊಂದು, 24 ದೇಶಗಳ ಎಟಿಎಂಗಳಿಂದ ಸುಮಾರು ಹತ್ತು ಗಂಟೆಗಳೊಳಗೆ 4 ಕೋಟಿ ಡಾಲರುಗಳನ್ನು ಬಾಚಿಕೊಂಡಿತು. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಲ್ಲಿ ನಡೆದದ್ದು ಇನ್ನೂ ಚಿಂತನೀಯ. ಕಳ್ಳರು ಬ್ಯಾಂಕಿನ ಸ್ವಿಚ್ಚಿಗೆ ಪ್ರತಿಯಾಗಿ ತಮ್ಮದೇ ಒಂದು ಸುಳ್ಳು ಸ್ವಿಚ್ಚನ್ನು ನಿಲ್ಲಿಸಿ, ಬಂದ ಕೋರಿಕೆಗಳಿಗೆಲ್ಲ ಅದರಿಂದಲೇ ಸಮ್ಮತಿಯ ಉತ್ತರವನ್ನು ಕೊಡಿಸಿದರು. 94 ಕೋಟಿ ರೂಪಾಯಿ ಹೋಯಿತು. ಸಹಕಾರ ಸಂಘಗಳನ್ನು ಕಟ್ಟಿ ಬೆಳೆಸಿದ ನಮ್ಮ ಸೀಮೆಯವರು ಈ ಪ್ರಸಂಗವನ್ನು ಪಕ್ಕದ ರಾಜ್ಯದ ಸುದ್ದಿಯೆಂದು ಮರೆತುಬಿಡಲಾಗದು.

ಹಾಗಾದರೆ ಸಂಖ್ಯೆಯನ್ನು ಮುಟ್ಟದ ಸರ್ವರು ನಿಶ್ಚಿಂತವೋ? ಅದೂ ಇಲ್ಲ. ಅದೇ 2018ರಲ್ಲಿ ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ಪುಟದಲ್ಲಿ ಯಾರೋ ಕೆಲವೇ ಸಾಲುಗಳ ಸ್ಕ್ರಿಪ್ಟ್ ಒಂದನ್ನು ಸೇರಿಸಿದ್ದರು. ಗಿರಾಕಿಯು ಬರೆದ ಸಂಖ್ಯೆ ಸಂಸ್ಥೆಗೆ ತಲಪುವ ಹೊತ್ತಿನಲ್ಲಿಯೇ ಕಳ್ಳರಿಗೂ ತಲಪುತ್ತಿತ್ತು. ನಾಲ್ಕು ಲಕ್ಷಕ್ಕೂ ಮಿಕ್ಕ ಜನರ ವಿವರಗಳು ಹೀಗೆ ಬಯಲಾದುವೆಂದು ಅಲ್ಲಿನ ಮಾಹಿತಿ ಆಯುಕ್ತರು 2020ರಲ್ಲಿ 2 ಕೋಟಿ ಪೌಂಡುಗಳ ದಂಡ ವಿಧಿಸಿದರು. ಪುಟದಲ್ಲಿ ಓಡುವ ಪ್ರತಿಯೊಂದು ಸ್ಕ್ರಿಪ್ಟಿಗೂ ಲೆಕ್ಕವಿರಬೇಕು, ಪುಟ ಬದಲಾದರೆ ಎಚ್ಚರಿಕೆ ಬರಬೇಕು ಎಂದು ಪಿಸಿಐಯ ಹೊಸ ಆವೃತ್ತಿಯು ವಿಧಿಸುತ್ತಿರುವುದಕ್ಕೆ ಕಾರಣ ಇಂತಹ ಕೃತ್ಯಗಳೇ. ಅಂಗಡಿಯ ಪುಟಕ್ಕೆ ಅಲಂಕಾರಕ್ಕೆಂದು ಕಂಡಕಂಡ ಉಪಕರಣಗಳನ್ನು ಅಂಟಿಸುವ ಹವ್ಯಾಸವುಳ್ಳವರು ಹಣ ಕಟ್ಟುವ ಪುಟವನ್ನಾದರೂ ನಿರಾಭರಣವಾಗಿ ಬಿಡಬೇಕೆಂದು ನಾನು ಬೇಡಿಕೊಳ್ಳುತ್ತೇನೆ.

ನಮ್ಮ ದೇಶದಲ್ಲಿ ಮೊದಲು ಎತ್ತಿದ ಪ್ರಶ್ನೆಯ ಅರ್ಧವನ್ನು ರಿಸರ್ವ್ ಬ್ಯಾಂಕೇ ತೀರ್ಮಾನಿಸಿದೆ. 2009ರ ಆಗಸ್ಟಿನಿಂದ ಅಂತರ್ಜಾಲದ ಕಾರ್ಡು ವ್ಯವಹಾರಕ್ಕೆ ಎರಡನೆಯ ದೃಢೀಕರಣವು ಕಡ್ಡಾಯವಾಯಿತು. ಇಂದು ಮೊಬೈಲಿಗೆ ಬರುವ ಓಟಿಪಿ ಅದರ ಪರಿಚಿತ ರೂಪ. 2018ರ ಏಪ್ರಿಲಿನ ಆದೇಶದಂತೆ ಪಾವತಿಯ ದತ್ತಾಂಶವು ಭಾರತದೊಳಗಿನ ಸರ್ವರುಗಳಲ್ಲಿಯೇ ಇರತಕ್ಕದ್ದು. ಇದನ್ನು ಪಾಲಿಸದೆ ಹೋದುದಕ್ಕಾಗಿ 2021ರಲ್ಲಿ ಮಾಸ್ಟರ್‌ಕಾರ್ಡಿನಂತಹ ಜಾಲವೇ ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳದಂತೆ ಕೆಲಕಾಲ ತಡೆಯಲ್ಪಟ್ಟಿತು. ಇತರ ವರ್ತಕರ ಪರವಾಗಿ ಹಣ ಸಂಗ್ರಹಿಸಬಯಸುವವರಿಗೆ ಅಧಿಕೃತ ಅನುಮತಿ ಬೇಕು, 2020ರ ಮಾರ್ಗಸೂಚಿಯು ಅರ್ಜಿಯ ವೇಳೆಗೆ 15 ಕೋಟಿ, ಮೂರನೆಯ ವರ್ಷದ ಅಂತ್ಯಕ್ಕೆ 25 ಕೋಟಿ ರೂಪಾಯಿಗಳ ನಿವ್ವಳ ಸಂಪತ್ತನ್ನು ಕೇಳಿತು. ಎಲ್ಲಕ್ಕಿಂತ ಮುಖ್ಯವಾದದ್ದು, 2022ರ ಅಕ್ಟೋಬರ್ 1ರಿಂದ ಕಾರ್ಡು ಕೊಟ್ಟ ಬ್ಯಾಂಕು ಮತ್ತು ಜಾಲ ಇವೆರಡರ ವಿನಾ ಯಾರೂ ಕಾರ್ಡಿನ ಸಂಖ್ಯೆಯನ್ನು ಸಂಗ್ರಹಿಸಿಡಕೂಡದೆಂಬ ವಿಧಿ. ಅದರ ಸ್ಥಾನದಲ್ಲಿ ಬೇರೆಡೆ ಉಪಯೋಗಕ್ಕೆ ಬಾರದ ಟೋಕನ್ ಎಂಬ ಬದಲಿ ಸಂಖ್ಯೆಯೊಂದು ಚಲಾವಣೆಗೆ ಬಂದಿತು. ಲೆಕ್ಕ ತಾಳೆ ನೋಡುವುದಕ್ಕಾಗಿ ಕೊನೆಯ ನಾಲ್ಕು ಅಂಕಿಗಳನ್ನೂ ಬ್ಯಾಂಕಿನ ಹೆಸರನ್ನೂ ಮಾತ್ರ ವರ್ತಕನು ಇಟ್ಟುಕೊಳ್ಳಬಹುದು. ಸಾಮಾನ್ಯನ ಹಿತಕ್ಕೆ ಇದಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡಿದ ಹಣಕಾಸಿನ ನಿಯಮ ಈಚಿನ ವರ್ಷಗಳಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಸಂಖ್ಯೆಯನ್ನು ಬಿಟ್ಟುಕೊಟ್ಟ ಮೇಲೆ ಊರಿನ ಸರ್ವರಿಗೆ ಕೆಲಸವೇನು ಉಳಿಯಿತು ಎಂದು ಕೇಳುವವರುಂಟು. ನಿಜವಾದ ಕೆಲಸವೆಲ್ಲವೂ ಉಳಿಯಿತು. ಗಿರಾಕಿಯು ಹಣ ಕಟ್ಟುವ ಗುಂಡಿಯನ್ನು ಒತ್ತಿದಾಗ ಸಂಪರ್ಕ ಕಡಿದುಹೋದರೆ ಅವನು ಮತ್ತೆ ಒತ್ತುತ್ತಾನೆ. ಆಗ ಎರಡು ಸಲ ಹಣ ಕಡಿತವಾಗದಿರಬೇಕಾದರೆ ಪ್ರತಿಯೊಂದು ಆರ್ಡರಿಗೂ ಒಂದೇ ಗುರುತು ಸಂಖ್ಯೆಯಿದ್ದು, ಅದೇ ಗುರುತಿನ ಕೋರಿಕೆ ಎಷ್ಟು ಬಾರಿ ಬಂದರೂ ಒಂದೇ ಫಲವನ್ನು ಕೊಡುವಂತೆ ತಂತ್ರಾಂಶವನ್ನು ಬರೆದಿರಬೇಕು. ಗೇಟ್‌ವೇ ಸಂಸ್ಥೆಯ ಉತ್ತರವು ಗಿರಾಕಿಯ ಬ್ರೌಸರಿನ ಮೂಲಕ ಬಂದಿತೆಂಬ ಮಾತ್ರಕ್ಕೆ ನಂಬುವಂತಿಲ್ಲ. ಸರ್ವರಿನಿಂದ ಸರ್ವರಿಗೆ ನೇರವಾಗಿ ಬರುವ ಸೂಚನೆಯ ಅಡಿಯಲ್ಲಿರುವ ಗೂಢ ಸಹಿಯನ್ನು ಪರೀಕ್ಷಿಸಿ, ಮೊತ್ತವು ನಮ್ಮ ಆರ್ಡರಿನ ಮೊತ್ತಕ್ಕೆ ಸರಿಹೊಂದುವುದೇ ಎಂದು ನೋಡಿ, ಅನಂತರವೇ ಸರಕನ್ನು ಕಟ್ಟಿಸಬೇಕು. ಆ ಸೂಚನೆಯೂ ಬಾರದೆ ಹೋದರೆ ತಾನಾಗಿಯೇ ಗೇಟ್‌ವೇಯನ್ನು ವಿಚಾರಿಸಿ ತಿಳಿದುಕೊಳ್ಳುವ ಏರ್ಪಾಡಿರಬೇಕು. ಕುಣಿಗಲ್ ತಾಲ್ಲೂಕಿನವರಿಗೆ ಇದಕ್ಕೆ ಉಪಮಾನವನ್ನು ದೂರ ಹುಡುಕಬೇಕಾಗಿಲ್ಲ: ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟೆಯ ಸೈಫನ್ನುಗಳು ನೀರು ಮಟ್ಟ ಮೀರಿದೊಡನೆ ನಡುರಾತ್ರಿಯಲ್ಲಾದರೂ ಯಾರ ಕೈಯ ಸಹಾಯವೂ ಇಲ್ಲದೆ ಹೆಚ್ಚಿನದನ್ನು ಹೊರಹಾಕುವಂತೆ, ಅರ್ಧಕ್ಕೆ ನಿಂತ ವ್ಯವಹಾರವನ್ನು ಸರ್ವರು ತಾನಾಗಿಯೇ ಒಂದು ದಡಕ್ಕೆ ಮುಟ್ಟಿಸಬೇಕು.

"ದುಡ್ಡು ಕಟ್ ಆಯಿತು, ಆರ್ಡರ್ ಆಗಲಿಲ್ಲ" ಎಂದು ಗಿರಾಕಿ ಫೋನು ಮಾಡಿದಾಗ ಉತ್ತರ ಕೊಡಬೇಕಾದವನು ಅಂಗಡಿಯವನೇ ಹೊರತು ಜಾಲವಲ್ಲ. ಇಂತಹ ವಿಫಲ ವ್ಯವಹಾರಗಳಲ್ಲಿ ಐದು ದಿನಗಳೊಳಗೆ ಹಣ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ವಿಧಿಸಿರುವುದಾದರೂ, ಆ ವ್ಯವಹಾರ ಯಾವ ಹಂತದಲ್ಲಿ ನಿಂತಿತೆಂದು ತೋರಿಸುವ ಸ್ವಂತ ಲೆಕ್ಕವಿಲ್ಲದವನು ಗಿರಾಕಿಗೆ ಏನನ್ನು ಹೇಳಿಯಾನು? ಆದ್ದರಿಂದ ಪ್ರತಿದಿನ ಸಂಜೆ ಮೂರು ಪಟ್ಟಿಗಳನ್ನು, ಎಂದರೆ ನಮ್ಮ ಆರ್ಡರುಗಳ ಪಟ್ಟಿ, ಗೇಟ್‌ವೇ ಕೊಟ್ಟ ಪಟ್ಟಿ, ಬ್ಯಾಂಕಿಗೆ ಜಮಾ ಆದ ಮೊತ್ತ, ಇವನ್ನು ತಾಳೆ ನೋಡಬೇಕು. ಹಳೆಯ ಮಂಡಿಯ ಗುಮಾಸ್ತರು ಒಂದು ಕಾಸು ಹೆಚ್ಚುಕಡಿಮೆಯಾದರೂ ದೀಪ ಆರಿಸದೆ ಕೂತು ಹುಡುಕುತ್ತಿದ್ದ ನಿಷ್ಠೆಗೆ ಇಂದಿಗೂ ಬದಲಿಯಾಗಿ ಯಾವ ತಂತ್ರಾಂಶವೂ ಬಂದಿಲ್ಲ. ತಂತ್ರಾಂಶವು ಆ ನಿಷ್ಠೆಗೆ ಕೈಸಹಾಯವನ್ನು ಮಾತ್ರ ಮಾಡಬಲ್ಲುದು. ವಿದೇಶದ ಕಾರ್ಡುಗಳ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು. ಹೊರನಾಡಿನ ಬ್ಯಾಂಕು ಕೊಟ್ಟ ಕಾರ್ಡಿಗೆ ನಮ್ಮ ಓಟಿಪಿಯ ಕಡ್ಡಾಯವು ಅನ್ವಯಿಸದಿರುವುದರಿಂದ, ಕಾರ್ಡಿನ ಒಡೆಯನು ತಿಂಗಳುಗಳ ಮೇಲೆ ತಕರಾರು ಹೂಡಿದರೆ ಹಣ ಹಿಂದಕ್ಕೆ ಹೋಗುವ ಸಂಭವವುಂಟು. ಸರಕು ಕಳುಹಿಸಿದ ರಸೀದಿ, ತಲಪಿದ ದಿನಾಂಕ, ಗಿರಾಕಿಯ ಪತ್ರವ್ಯವಹಾರ ಇವು ಆರ್ಡರಿನ ಜೊತೆಗೇ ಭದ್ರವಾಗಿರಬೇಕು.

ಸರ್ವರನ್ನು ಎಲ್ಲಿಡಬೇಕೆಂಬ ವಿಷಯವನ್ನು ಬೇಗನೆ ಮುಗಿಸಬಹುದು. ಕರೆಂಟು ಹೋಗಿಬರುವ ಊರಿನ ಅಂಗಡಿಯ ಹಿಂಗೋಣೆ ಅದಕ್ಕೆ ಸ್ಥಳವಲ್ಲ. ಭಾರತದೊಳಗಿನ ದತ್ತಾಂಶ ಕೇಂದ್ರವೊಂದರಲ್ಲಿ ಬಾಡಿಗೆಗೆ ಪಡೆದ ಸರ್ವರೂ ಸ್ವಂತ ಸರ್ವರೇ. ಅದನ್ನು ನಿಲ್ಲಿಸಿ, ಆಮೇಲೆ ನೋಡಿಕೊಳ್ಳದೆ ಮರೆತುಬಿಡುವುದೇ ದೊಡ್ಡ ದೋಷ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷವು ಬೆಳಕಿಗೆ ಬಂದಾಗ, ಭದ್ರವೆಂದು ಲೋಕವೇ ನಂಬಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು ಸರ್ವರಿನ ಸ್ಮೃತಿಯಲ್ಲಿದ್ದ ರಹಸ್ಯಗಳನ್ನು ಹೊರಗಿನವರಿಗೆ ಸೋರಿಸುತ್ತಿದ್ದುದು ತಿಳಿಯಿತು. ಅಂದೇ ಪರಿಷ್ಕರಣೆ ಹಾಕಿಕೊಂಡವರು ಬದುಕಿದರು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ಆದೇಶವು ಭದ್ರತಾ ಭಂಗವನ್ನು ಆರು ಗಂಟೆಗಳೊಳಗೆ ವರದಿ ಮಾಡುವಂತೆಯೂ, ಸರ್ವರಿನ ದಿನಚರಿಯನ್ನು 180 ದಿನ ಇಡುವಂತೆಯೂ, ಗಡಿಯಾರವನ್ನು ರಾಷ್ಟ್ರೀಯ ಕಾಲಮಾನಕ್ಕೆ ಹೊಂದಿಸುವಂತೆಯೂ ಕೇಳುತ್ತದೆ. ಗಡಿಯಾರದ ಮಾತು ಅಲ್ಪವೆಂದು ಯಾರೂ ಭಾವಿಸಬಾರದು. ಎರಡು ಪಟ್ಟಿಗಳ ಕಾಲ ಹೊಂದದಿದ್ದರೆ ಯಾವ ತನಿಖೆಯೂ ಮುಂದುವರಿಯಲಾರದು.

ಖರ್ಚಿನ ಲೆಕ್ಕವನ್ನೂ ನೋಡೋಣ. ಕ್ರೆಡಿಟ್ ಕಾರ್ಡಿನ ಮೇಲೆ ಗೇಟ್‌ವೇ ಸಂಸ್ಥೆಗಳು ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿಯ ಸುಮಾರಿಗೆ ಶುಲ್ಕ ಹಿಡಿಯುತ್ತವೆ. ಆ ಶುಲ್ಕದ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. ಸಾವಿರ ರೂಪಾಯಿಯ ಎಣ್ಣೆ ಮಾರಿದವನಿಗೆ 23 ರೂಪಾಯಿ 60 ಪೈಸೆ ಕಳೆದು ಉಳಿದದ್ದು ಕೈಗೆ ಬರುವುದು. ತೆಳುವಾದ ಲಾಭದ ಮೇಲೆ ಜೀವಿಸುವವನಿಗೆ ಇದು ಸಣ್ಣ ಮೊತ್ತವಲ್ಲ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡುಗಳ ಮೇಲೆ 2020ರ ಜನವರಿಯಿಂದ ವರ್ತಕನಿಗೆ ಇಂತಹ ಶುಲ್ಕವೇ ಇಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಲು ಅವಕಾಶವಾಗಿ, ಚಿಕ್ಕ ವರ್ತಕರಿಗೆ 2000 ರೂಪಾಯಿಯವರೆಗಿನ ಮೊತ್ತಕ್ಕೆ ವಿನಾಯಿತಿ ದೊರೆಯಿತು. ಆದಕಾರಣ ನಾಡೊಳಗಿನ ಗಿರಾಕಿಗೆ ಕ್ಯೂಆರ್ ಸಂಕೇತವನ್ನೇ ಮುಂದಿಟ್ಟು, ಕಾರ್ಡನ್ನು ಹೊರನಾಡಿನವರಿಗೂ ದೊಡ್ಡ ಮೊತ್ತಗಳಿಗೂ ಮೀಸಲಿಡುವುದು ಜಾಣತನ. ಸ್ವಂತ ಸ್ವಿಚ್ಚಿನಿಂದ ಈ ಎರಡು ರೂಪಾಯಿ ಉಳಿಯುತ್ತದೆಂದು ಎಣಿಸಿದವರು ಮಾತ್ರ ಭ್ರಮಿಸಿದ್ದಾರೆ, ಅದರಲ್ಲಿ ಬಹುಪಾಲು ಕಾರ್ಡು ಕೊಟ್ಟ ಬ್ಯಾಂಕಿಗೂ ಜಾಲಕ್ಕೂ ಸಲ್ಲುವುದೇ ಹೊರತು ಸರ್ವರು ನಡೆಸುವವನಿಗಲ್ಲ.

ಆದರೂ ಸ್ವಂತ ಸರ್ವರಿನ ಪಕ್ಷದಲ್ಲಿ ಹೊಸ ಬಲವೊಂದು ಒದಗಿದೆ, ಅದೂ ಬೆಂಗಳೂರಿನಿಂದ. ಅಲ್ಲಿನ ಜಸ್‌ಪೇ ಸಂಸ್ಥೆಯು ಹೈಪರ್‌ಸ್ವಿಚ್ ಎಂಬ ಪಾವತಿ ತಂತ್ರಾಂಶವನ್ನು ರಸ್ಟ್ ಭಾಷೆಯಲ್ಲಿ ಬರೆದು, ಅದರ ಮೂಲಸಂಕೇತವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ. ಪೋಸ್ಟ್‌ಗ್ರೆಸ್ ಮತ್ತು ರೆಡಿಸ್ ಎಂಬ ದತ್ತಾಂಶ ಸಂಗ್ರಹದ ತಂತ್ರಾಂಶಗಳನ್ನು ಬಲ್ಲವನು ಅದನ್ನು ತನ್ನ ಸರ್ವರಿನಲ್ಲಿ ನಿಲ್ಲಿಸಿ, ಒಂದು ಗೇಟ್‌ವೇ ಕೆಟ್ಟರೆ ಇನ್ನೊಂದರ ಮೂಲಕ ಹಣ ಹಾಯಿಸುವ ಏರ್ಪಾಡನ್ನು ಮಾಡಿಕೊಳ್ಳಬಹುದು. ಕಾರ್ಡಿನ ಸಂಖ್ಯೆಯನ್ನು ಕಾಯುವ ಪೆಟ್ಟಿಗೆಯು ಅದರಲ್ಲಿ ಬೇರೆಯೇ ಅಂಗವಾಗಿರುವುದನ್ನು ನೋಡಿ ನನಗೆ ಸಂತೋಷವಾಯಿತು, ಏಕೆಂದರೆ ಲೆಕ್ಕವನ್ನೂ ಸಂಖ್ಯೆಯನ್ನೂ ಬಿಡಿಸಿ ನೋಡುವ ದೃಷ್ಟಿ ಅಲ್ಲಿ ಶಿಲ್ಪದಲ್ಲಿಯೇ ಅಡಕವಾಗಿದೆ. ಇದೇ ಸಂಸ್ಥೆಯಿಂದ 2020ರ ಆಗಸ್ಟಿನಲ್ಲಿ, ಉಪಯೋಗ ತಪ್ಪಿದ ಹಳೆಯ ಕೀಲಿಯೊಂದರ ಮೂಲಕ, ಅಂಕಿಗಳನ್ನು ಮರೆಮಾಡಿದ ಕಾರ್ಡುಗಳ ಸುಮಾರು ಮೂರೂವರೆ ಕೋಟಿ ದಾಖಲೆಗಳು ಹೊರಬಿದ್ದುವು. ಪೂರ್ಣ ಸಂಖ್ಯೆ ಅಲ್ಲಿರಲಿಲ್ಲವಾದ್ದರಿಂದ ಅನರ್ಥವು ಮಿತಿಯಲ್ಲಿ ನಿಂತಿತು. ನುರಿತವರ ಮನೆಯಲ್ಲಿಯೇ ಹಳೆಯ ಕೀಲಿಯೊಂದು ಮರೆತುಹೋಗಬಹುದಾದರೆ, ಒಬ್ಬಿಬ್ಬರು ನಡೆಸುವ ಸರ್ವರಿನಲ್ಲಿ ಆ ಪೆಟ್ಟಿಗೆಯನ್ನು ತೆರೆಯದಿರುವುದೇ ಲೇಸು. ಉಳಿದ ಅಂಗಗಳನ್ನು ಧೈರ್ಯವಾಗಿ ಉಪಯೋಗಿಸಬಹುದು.

ಸ್ವಂತ ಸರ್ವರಿನಿಂದ ಆಗಬಹುದಾದ ಇನ್ನೊಂದು ಪ್ರಯೋಜನವನ್ನು ತಂತ್ರಜ್ಞರು ಎಣಿಕೆಗೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಮೂವತ್ತೊಂಬತ್ತನೆಯ ಕ್ಷೇತ್ರದಲ್ಲಿ 51 ಬಂದರೆ ಖಾತೆಯಲ್ಲಿ ಹಣ ಸಾಲದೆಂದೂ, 91 ಬಂದರೆ ಕಾರ್ಡು ಕೊಟ್ಟ ಬ್ಯಾಂಕೇ ಉತ್ತರಿಸುತ್ತಿಲ್ಲವೆಂದೂ ಅರ್ಥ. ಇವೆರಡರ ನಡುವಣ ಅಂತರ ಗಿರಾಕಿಗೆ ಬಹಳ ದೊಡ್ಡದು: ಮೊದಲನೆಯದರಲ್ಲಿ ಅವನು ಬೇರೆ ಕಾರ್ಡನ್ನು ತೆಗೆಯಬೇಕು, ಎರಡನೆಯದರಲ್ಲಿ ಸ್ವಲ್ಪ ಹೊತ್ತು ಕಾದರೆ ಸಾಕು. ಆದರೆ ಎರಡಕ್ಕೂ ಒಂದೇ ಅಸ್ಪಷ್ಟವಾದ ಇಂಗ್ಲಿಷ್ ವಾಕ್ಯವನ್ನು ತೋರಿಸುವ ಪುಟಗಳು ಎಷ್ಟೋ ಇವೆ, ಅದನ್ನು ಓದಿದ ವೃದ್ಧರು ತಮ್ಮಿಂದಲೇ ತಪ್ಪಾಯಿತೆಂದು ಹೆದರಿ ಕೈಬಿಡುವುದನ್ನೂ ಕಾಣುತ್ತೇವೆ. ಗೇಟ್‌ವೇ ಕೊಡುವ ಕಾರಣ ಸಂಕೇತವನ್ನು ತನ್ನ ಸರ್ವರಿನಲ್ಲಿ ಪಡೆದುಕೊಂಡ ಅಂಗಡಿಯವನು, ನಿಮ್ಮ ಬ್ಯಾಂಕಿನಿಂದ ಸದ್ಯಕ್ಕೆ ಉತ್ತರ ಬಂದಿಲ್ಲ, ಹಣ ಕಡಿತವಾಗಿದ್ದರೆ ಐದು ದಿನಗಳೊಳಗೆ ಮರಳುವುದು, ನಿಮ್ಮ ಆರ್ಡರಿನ ಸಂಖ್ಯೆ ಇದು, ವಿಚಾರಿಸಬೇಕಾದರೆ ಈ ಫೋನಿಗೆ ಕರೆ ಮಾಡಿ ಎಂದು ಸ್ಪಷ್ಟವಾದ ಕನ್ನಡದಲ್ಲಿ ತಿಳಿಸಬಹುದು. ಅದಕ್ಕೆ ಬೇಕಾದದ್ದು ಇಪ್ಪತ್ತು ಮೂವತ್ತು ವಾಕ್ಯಗಳ ಒಂದು ಪಟ್ಟಿ. ಒಮ್ಮೆ ಬರೆದಿಟ್ಟರೆ ಅಮೃತೂರಿನ ಅಂಗಡಿಗೂ ಗುಬ್ಬಿಯ ಅಂಗಡಿಗೂ ಅದೇ ಸಲ್ಲುತ್ತದೆ, ಯಾವ ನಿಯಮದ ಅಡ್ಡಿಯೂ ಇಲ್ಲ, ಯಾರ ಅನುಮತಿಯೂ ಬೇಕಿಲ್ಲ.